ಹೊರಗಿನದರ ಬುಟ್ಟಿ

ಮೊದಲ ಕಂಬ ನೀರಿನಿಂದ ಮೇಲೆ ಬಂದಾಗ ಅದರ ಮೈಮೇಲೆ ಒಂದು ಚಿಪ್ಪೂ ಇರಲಿಲ್ಲ. ಎರಡನೆಯದೂ ಹಾಗೇ. ಹೊಳೆಯ ನಟ್ಟನಡುವೆ ಲಂಗರು ಹಾಕಿದ್ದ ದೋಣಿಯ ಸಣ್ಣ ಕ್ರೇನು ಮೂರನೆಯದನ್ನು ಎಳೆಯಿತು. ಮೈತುಂಬ ತೆಂಗಿನ ನಾರಿನ ಹಗ್ಗ ಸುತ್ತಿದ್ದ ಆ ಕಂಬವೂ ತುಸು ಪಾಚಿಯ ಹಸಿರು ಬಿಟ್ಟರೆ ಬೇರೇನನ್ನೂ ಹೊತ್ತು ತರಲಿಲ್ಲ. ಸುಮ್ಮನೆ ನೀರು ಸುರಿಸುತ್ತ ಮೇಲೆದ್ದಿತು. ದಡದ ಶಾಮಿಯಾನದ ನೆರಳಿನಲ್ಲಿ ಕುಳಿತವರು ಚಪ್ಪಾಳೆ ತಟ್ಟಿದರು.

ಖಾಲಿ ಕಂಬಕ್ಕೆ ಚಪ್ಪಾಳೆ ಯಾಕೆ ಬಿತ್ತು ಎಂದು ತಿಳಿಯಬೇಕಾದರೆ ನೆಲ್ಲಿಕೋಡಿ ಹೊಳೆಯ ಕಷ್ಟ ಏನೆಂದು ತಿಳಿದಿರಬೇಕು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ರಾಡಿಯೊಳಗೆ ಹುದುಗಿರುವ ಬಳಚು ಎಂಬ ಚಿಪ್ಪು ಆಯುವುದು, ಕಂಬ ಬಂಡೆಗಳಿಗೆ ಅಂಟಿಕೊಂಡು ಬೆಳೆಯುವ ನೀಲಿಕಲ್ಲು ಕೀಳುವುದು ಆ ಊರಿನ ಹೆಂಗಸರ ತಲೆಮಾರುಗಳ ಕಸುಬು. ನೀಲಿಕಲ್ಲು ಎಂದರೆ ಕಲ್ಲಲ್ಲ, ಚಿಪ್ಪಿನೊಳಗಿನ ಜೀವ; ಅಂಚಿನಲ್ಲಿ ನವಿಲುಬಣ್ಣದ ಹೊಳಪಿರುತ್ತದೆ. ಕೆಲವು ದಶಕಗಳ ಹಿಂದೆ ಯಾವುದೋ ದೂರದ ಖಂಡದ ಹಡಗು ತನ್ನ ಹೊಟ್ಟೆಯ ನೀರನ್ನು ಈ ಕರಾವಳಿಯಲ್ಲಿ ಚೆಲ್ಲಿ ಹೋಗಿತ್ತು. ಖಾಲಿ ಹಡಗುಗಳು ಅಲೆಯಲ್ಲಿ ಹೊಯ್ದಾಡದಿರಲೆಂದು ಒಂದು ಬಂದರಿನಲ್ಲಿ ನೀರು ತುಂಬಿಸಿಕೊಂಡು ಇನ್ನೊಂದು ಬಂದರಿನಲ್ಲಿ ಚೆಲ್ಲುತ್ತವೆ. ಆ ನೀರಿನಲ್ಲಿ ಕಣ್ಣಿಗೆ ಕಾಣದ ಮರಿಗಳಾಗಿ ಬಂದದ್ದು ಇನ್ನೊಂದು ಬಗೆಯ ಕಪ್ಪು ಚಿಪ್ಪಿಜೀವಿ. ಪತ್ರಿಕೆಗಳು ಅದಕ್ಕೆ ಹಡಗುಗಲ್ಲು ಎಂದು ಹೆಸರಿಟ್ಟವು, ಊರಿನವರು ಕರಿಕಲ್ಲು ಎಂದರು. ಅದು ಹೊಳೆಯ ರಾಡಿಯ ಮೇಲೆ ಒಂದಕ್ಕೊಂದು ನೂಲು ಹೊಸೆದುಕೊಂಡು ಚಾಪೆಯಂತೆ ಹರಡಿತು. ಚಾಪೆಯ ಕೆಳಗೆ ಸಿಕ್ಕ ಬಳಚು ಉಸಿರುಗಟ್ಟಿ ಸತ್ತವು.

ಇದಕ್ಕೆ ಕಡಲಜೀವಿಗಳ ವಿಜ್ಞಾನಿ ಡಾಕ್ಟರ್ ಇಂಚರಾ ಕಂಡುಹಿಡಿದ ಮದ್ದೇ ಕರೆಗಂಬ.

ಚಿಪ್ಪಿಜೀವಿಗಳ ಮರಿಗಳು ಹುಟ್ಟಿದ ಮೇಲೆ ಕೆಲವು ವಾರ ಧೂಳಿನ ಕಣಗಳಂತೆ ನೀರಿನಲ್ಲಿ ತೇಲಾಡುತ್ತವೆ. ಆಮೇಲೆ ಎಲ್ಲಾದರೂ ಒಂದು ಕಡೆ ಅಂಟಿಕೊಂಡು ಬಾಳುವೆ ಹೂಡಬೇಕು. ಒಮ್ಮೆ ಅಂಟಿಕೊಂಡ ಮೇಲೆ ದೊಡ್ಡ ಪ್ರಯಾಣವಿಲ್ಲ. ಆದ್ದರಿಂದ ಮರಿಗಳು ಜಾಗ ನೋಡುವುದರಲ್ಲಿ ಬಲು ಚೌಕಾಸಿ ಮಾಡುತ್ತವೆ. ರೂಪ ಕಾಣುವ ಕಣ್ಣು ಅವುಗಳಿಗಿಲ್ಲ. ನೀರಿನ ಸದ್ದು ಮತ್ತು ರುಚಿ, ಇವೆರಡೇ ಆಧಾರ. ಹಿರಿಯ ಚಿಪ್ಪುಗಳು ಬಾಯಿ ತೆರೆದು ಮುಚ್ಚುವ ಟಕಟಕ, ಅವುಗಳ ಮೈಯಿಂದ ನೀರಿಗೆ ಇಳಿಯುವ ವಾಸನೆ ಸಿಕ್ಕಿದ ಕಡೆ ಇಳಿಯುತ್ತವೆ. ಇಂಚರಾ ಈ ಕರೆಯನ್ನು ಕೃತಕವಾಗಿ ಕಟ್ಟಿದಳು. ಕಂಬದ ಒಡಲಲ್ಲಿ ಬೆರಳುದ್ದದ ಒಂದು ಸದ್ದಿನ ಪೆಟ್ಟಿಗೆ, ಹೊರಗೆ ವಾಸನೆ ಸೂಸುವ ತೆಳುವಾದ ಲೇಪ, ಅದರ ಮೇಲೆ ಹಿಡಿದು ನಿಲ್ಲಲು ನಾರಿನ ಹಗ್ಗ. ಯಾವ ಜೀವದ ಕರೆ ತುಂಬಿದರೆ ಆ ಜೀವದ ಮರಿ ಬರಬೇಕು. ದಂಡೆಯ ಕಂಬಗಳಲ್ಲಿ ಹೊಳೆಯ ಸ್ವಂತ ಜೀವಿಗಳ ಕರೆ, ನಡುಹೊಳೆಯ ಕಂಬಗಳಲ್ಲಿ ಪರಕೀಯರ ಕರೆ ಹಾಕಿದ್ದರು. ನಡುಹೊಳೆಯ ಕಂಬಕ್ಕೆ ಹಡಗುಗಲ್ಲು ಅಂಟಿಕೊಂಡರೆ ಎತ್ತಿ ಕೆರೆದು ಸುಣ್ಣದ ಭಟ್ಟಿಗೆ ಹಾಕುವುದೆಂದು ಯೋಜನೆ.

ಈಗ ನಡುಹೊಳೆಯ ಕಂಬಗಳೆಲ್ಲ ಬೋಳಾಗಿದ್ದವು. ಕರೆದರೂ ಬರಲು ಯಾರೂ ಉಳಿದಿಲ್ಲ ಎಂದು ಎಲ್ಲರಿಗೂ ಅನ್ನಿಸಿತು. ದಂಡೆಯ ಕಂಬವನ್ನು ಎತ್ತಿದಾಗಲಂತೂ ಕ್ರೇನಿನ ತೋಳು ಬಾಗಿತು. ತಳದಿಂದ ತುದಿಯವರೆಗೆ ಚಿಪ್ಪು. ಗೊಂಚಲು ಗೊಂಚಲಾಗಿ ಜೋತು, ನವಿಲುಬಣ್ಣದಲ್ಲಿ ಮಿಂಚುತ್ತಿತ್ತು. ಕರಾವಳಿ ಶುದ್ಧಿ ಮಂಡಳಿಯ ಅಧಿಕಾರಿ ಮುಕುಂದ ಗುನಗಿಯವರು ಎದ್ದು ನಿಂತು, ಕಂಬಗಳ ಲೆಕ್ಕದ ಪ್ರಕಾರ ಈ ಹೊಳೆಯಲ್ಲಿ ಪರಕೀಯ ಜೀವಿಗಳ ಪ್ರಮಾಣ ಸೊನ್ನೆಗೆ ಇಳಿದಿದೆ ಎಂದು ಸಾರಿದರು. ಹೊಳೆಗೆ ಔಷಧ ಸುರಿಯುವ ಹಳೆಯ ಯೋಜನೆ ಇನ್ನು ಬೇಕಿಲ್ಲ, ಇಲ್ಲಿ ಗೆದ್ದ ದಂಡೆಯ ಕರೆಯನ್ನೇ ಮಳೆಗಾಲದೊಳಗೆ ಕರಾವಳಿಯ ಎಲ್ಲ ಹೊಳೆಗಳಲ್ಲೂ ಹಾಕಿಸುತ್ತೇವೆ ಎಂದರು.

ಆ ಔಷಧದ ಹೆಸರು ಕೇಳಿದರೆ ಊರಿನ ಹೆಂಗಸರ ಮುಖ ಕಪ್ಪಿಡುತ್ತಿತ್ತು. ಸುರಿದರೆ ಹಡಗುಗಲ್ಲು ಸಾಯುವುದು ನಿಜ. ಜೊತೆಗೆ ಬಳಚು, ಏಡಿ, ಸೀಗಡಿ, ಮೀನಿನ ಮರಿ ಎಲ್ಲವೂ ಸಾಯುತ್ತವೆ. ಹೊಳೆ ಮತ್ತೆ ಚೇತರಿಸಿಕೊಳ್ಳುವವರೆಗೆ ಆ ಮನೆಗಳವರು ಎಲ್ಲಿಗೆ ಹೋಗಬೇಕೆಂದು ಯೋಜನೆಯಲ್ಲಿ ಬರೆದಿರಲಿಲ್ಲ. ಆದ್ದರಿಂದ ಅವತ್ತು ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ.

ಇಂಚರಾಳೂ ತಟ್ಟಿದಳು. ಆಮೇಲೆ ಮೀನಿನಂಗಡಿಯಲ್ಲಿ ಮೀನು ನೋಡುವವಳ ಹಾಗೆ ಅಭ್ಯಾಸಬಲದಿಂದ ಒಂದು ಗೊಂಚಲು ಕಿತ್ತು, ಹೆಬ್ಬೆರಳಿನಿಂದ ಬುಡ ಸವರಿದಳು. ಬೆರಳು ಅಲ್ಲೇ ನಿಂತಿತು.

ನೀಲಿಕಲ್ಲು ತನ್ನನ್ನು ಕಟ್ಟಿಕೊಳ್ಳುವ ನೂಲು ದಪ್ಪ, ಕಂದು ಬಣ್ಣದ್ದು, ಎಣಿಸಿದರೆ ಬೆರಳೆಣಿಕೆಯಷ್ಟು. ಅವಳ ಬೆರಳಿಗೆ ಸಿಕ್ಕಿದ್ದು ಬಾಚಣಿಗೆಯಲ್ಲಿ ಉಳಿದ ಕೂದಲಿನಂಥ ನವಿರಾದ, ಕಪ್ಪಾದ, ಲೆಕ್ಕವಿಲ್ಲದ ಎಳೆಗಳು. ಮೇಲಿನ ನವಿಲುಬಣ್ಣದ ಚಿಪ್ಪುಗಳನ್ನು ಬಿಡಿಸಿ ನೋಡಿದಳು. ಅವುಗಳ ಕೆಳಗೆ ಒತ್ತಾಗಿ, ಶಿಸ್ತಾಗಿ, ಹಡಗುಗಲ್ಲುಗಳು ಕುಳಿತಿದ್ದವು. ಅರ್ಧಕ್ಕರ್ಧ.

ಶಾಮಿಯಾನದಲ್ಲಿ ಎಲ್ಲರಿಗೂ ಅವಲಕ್ಕಿ, ಚಹಾ ಕೊಡುತ್ತಿದ್ದರು. ಇಂಚರಾ ಗೊಂಚಲನ್ನು ಚೀಲಕ್ಕೆ ಹಾಕಿ ದಂಡೆಯುದ್ದಕ್ಕೂ ನಡೆದಳು.

ಪವಿತ್ರಾ ಹರಿಕಂತ್ರ ಚಹಾ ಮುಗಿಸಿ ಆಗಲೇ ನೀರಿಗಿಳಿದಿದ್ದಳು. ಮೊಣಕಾಲು ಮಟ್ಟದ ರಾಡಿಯಲ್ಲಿ ಕಾಲಿನಿಂದಲೇ ಬಳಚು ತಡಕಿ, ಬಗ್ಗಿ ಎತ್ತಿ, ಸೊಂಟಕ್ಕೆ ಕಟ್ಟಿದ ಬಲೆಚೀಲಕ್ಕೆ ಹಾಕುವ ಆ ಅರುವತ್ತರ ಹೆಂಗಸು ಬಳಚು ಆಯುವವರ ಸಂಘಕ್ಕೆ ಮುಂದಾಳು. ಹಿಂದಿನ ವರ್ಷ ಕಂಬಗಳಿಗೆ ಕರೆ ತುಂಬುವ ಮೊದಲು ಇಂಚರಾ ಸಹಾಯ ಕೇಳಿದ್ದು ಅವಳ ಬಳಿಯೇ. ಉಗುರಿನಷ್ಟು ಗಾತ್ರದ ಎಳೆಯ ಚಿಪ್ಪುಗಳು ಬೇಕಿದ್ದವು, ಯಾಕೆಂದರೆ ಅವು ಹೊರಡಿಸುವ ಸದ್ದು, ವಾಸನೆಗೆ ಮರಿಗಳು ಬೇಗ ಓಗೊಡುತ್ತವೆ. ಆ ಗಾತ್ರದಲ್ಲಿ ಎರಡೂ ಜಾತಿ ಮಬ್ಬುಗಪ್ಪು, ಕಣ್ಣಿನಿಂದ ಗುರುತಿಸಲಾಗದು. ಹೆಂಗಸರು ಕೈಮುಟ್ಟಿ ಹೇಳಬಲ್ಲರು ಎಂದು ಕೇಳಿದ್ದಳು. ಮಂಡಳಿಯ ದೊಡ್ಡ ದೊಡ್ಡ ಮಾತು ಆಡಿ ಅವರನ್ನು ಹೆದರಿಸುವುದು ಬೇಡವೆಂದು ಎರಡು ಬುಟ್ಟಿ ಇಟ್ಟು ಸರಳವಾಗಿ ಹೇಳಿದ್ದಳು: ನಮ್ಮದು ಇದರಲ್ಲಿ ಹಾಕಿ, ಹೊರಗಿನದು ಅದರಲ್ಲಿ ಹಾಕಿ. ಮೊದಲ ಬುಟ್ಟಿಯಿಂದ ಮೇಲಿನ ಒಂದೆರಡು ಚಿಪ್ಪು ತೆಗೆದು ವಂಶವಾಹಿ ಪರೀಕ್ಷೆ ಮಾಡಿಸಿದಾಗ ನೀಲಿಕಲ್ಲೇ ಎಂದು ಬಂದಿತ್ತು. ಎರಡನೆಯ ಬುಟ್ಟಿಯ ಪರೀಕ್ಷೆಗೆ ಪುರುಸೊತ್ತಾಗಿರಲಿಲ್ಲ.

“ಪವಿತ್ರಕ್ಕ, ಹೋದ ವರ್ಷ ಬುಟ್ಟಿ ತುಂಬಿಕೊಟ್ಟಿರಲ್ಲ. ನಮ್ಮದು ಅಂತ ಹಾಕಿದ್ದು ಎಲ್ಲಿಂದ ತಂದದ್ದು?”

“ಎಲ್ಲಿಂದ ಅಂದ್ರೆ? ಇಲ್ಲಿಂದನೇ. ನಮ್ಮ ಪಾಲಿನ ಜಾಗದಿಂದ.”

“ಈ ಕಪ್ಪು ಕೂದಲಿನದ್ದೂ ಇತ್ತಾ ಅದರಲ್ಲಿ?”

ಪವಿತ್ರಕ್ಕ ಗೊಂಚಲನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. “ಕರಿಕಲ್ಲಾ? ಇತ್ತಪ. ಅದೂ ನಮ್ದೇ ಅಲ್ದಾ. ನಾ ಮದ್ವೆ ಆಗಿ ಬಂದ ಹೊಸ್ತ್ರಲ್ಲೇ ಅದೂ ಬಂತು. ನಂಗೂ ಅದ್ಕೂ ಒಂದೇ ವಯಸ್ಸು ಈ ಊರಲ್ಲಿ.”

“ಹಾಗಾದರೆ ಹೊರಗಿನದು ಅಂತ ಹಾಕಿದ್ದು?”

“ಹೊರಗಿನ್ದು ಅಂದ್ರೆ ಹೊರಗಿನ್ದೇ ಅಕ್ಕೋರೆ.” ಅವಳು ಕೈ ಎತ್ತಿ ಅಳಿವೆಯ ಬಾಯಿಯ ಕಡೆ, ಬಿಳಿ ನೊರೆ ಏಳುತ್ತಿದ್ದ ಬಂಡೆಗಳ ಕಡೆ ತೋರಿಸಿದಳು. “ಸಮುದ್ರದ್ದು. ಆ ಬಂಡೆ ಮೇಲಿನ ನೀಲಿಕಲ್ಲು. ಅದ್ನ ತರೂಕೆ ನಮ್ಮ ಗಂಡಸ್ರು ದೋಣಿ ತಕಂಡು ಅಲೆ ಒಳಗೆ ಹೋಗಿ ಒದ್ದೆ ಆಗಿ ಬಂದ್ರು. ನೀವ್ ಕೇಳಿದ್ರಿ ಹೇಳೇ ತಂದದ್ದು.”

ಇಂಚರಾ ಹುಟ್ಟಿದ್ದು ಚಳ್ಳಕೆರೆಯಲ್ಲಿ, ಸಮುದ್ರದಿಂದ ಬಹಳ ದೂರ. ಅವಳಿಗೆ ಹೊರಗು ಎಂದರೆ ಪರದೇಶ. ಅಳಿವೆಯ ಊರಿನಲ್ಲಿ ಹೊರಗೆ ಎಂದರೆ ಒಂದೇ ಅರ್ಥ: ಅಳಿವೆ ದಾಟಿದ ಆಚೆಯ ಸಮುದ್ರ. ಗಂಡ ಹೊರಗೆ ಹೋಗಿದ್ದಾನೆ ಎಂದರೆ ಮೀನಿಗೆ ಹೋಗಿದ್ದಾನೆ. ಹೊರಗೆ ಗಾಳಿ ಎದ್ದಿದೆ ಎಂದರೆ ಸಮುದ್ರದಲ್ಲಿ ಎದ್ದಿದೆ. ಹೆಂಗಸರು ಅವಳ ಮಾತನ್ನು ಅಕ್ಷರಶಃ ಪಾಲಿಸಿದ್ದರು. ಹೊಳೆಯ ಒಳಗಿನದನ್ನೆಲ್ಲ ಒಂದು ಬುಟ್ಟಿಗೆ, ಸಮುದ್ರದ್ದನ್ನು ಇನ್ನೊಂದಕ್ಕೆ, ಒಂದೇ ಒಂದು ಚಿಪ್ಪು ತಪ್ಪದಂತೆ ಹಾಕಿದ್ದರು.

ಈಗ ಎಲ್ಲವೂ ನೀರಿನಷ್ಟು ತಿಳಿಯಾಯಿತು. ನಡುಹೊಳೆಯ ಕಂಬಗಳು ವರ್ಷವಿಡೀ ಕೂಗಿದ್ದು ಸಮುದ್ರದ ಬಂಡೆಯ ಕರೆಯನ್ನು. ಜಾತಿ ಒಂದೇ ಆದರೂ ಹೊಳೆಯ ಚಪ್ಪೆ ನೀರಿನ ಮರಿಗಳಿಗೆ ಅದು ಯಾವುದೋ ಊರಿನ ಮಾತು, ಯಾರೂ ತಿರುಗಿ ನೋಡಲಿಲ್ಲ. ಬೋಳಾದ ಕಂಬವನ್ನು ಎಲ್ಲರೂ ಗೆಲುವೆಂದು ಎಣಿಸಿದರು. ದಂಡೆಯ ಕಂಬಗಳು ಇಬ್ಬರನ್ನೂ ಒಟ್ಟಿಗೆ ಕರೆದಿದ್ದವು, ಇಬ್ಬರೂ ಬಂದಿದ್ದರು. ಅದೇ ಕರೆ ಇನ್ನು ಎಲ್ಲ ಹೊಳೆಗಳಿಗೂ ಹೊರಡಲಿತ್ತು. ಹಡಗುಗಲ್ಲು ಇನ್ನೂ ಕಾಲಿಡದ ಹೊಳೆಗಳಿಗೂ.

“ಬೇಜಾರು ಮಾಡ್ಕಂಡ್ರಾ?” ಎಂದು ಪವಿತ್ರಕ್ಕ ಕೇಳಿದಳು. “ತಪ್ಪೆಂತದು ಆಯ್ತು?”

“ತಪ್ಪು ನನ್ನದು ಅಕ್ಕ. ಪ್ರಶ್ನೆ ತಪ್ಪಾಗಿತ್ತು, ನಿಮ್ಮ ಉತ್ತರ ಸರಿಯಾಗೇ ಇತ್ತು.”

“ಹಂಗಾರೆ ಕಂಬ ಕೀಳಸ್ತ್ರಾ?” ಪವಿತ್ರಕ್ಕನ ಧ್ವನಿ ಬದಲಾಗಿತ್ತು. ಅವಳು ಸೊಂಟದ ಬಲೆಚೀಲವನ್ನು ಎತ್ತಿ ತೋರಿಸಿದಳು, ಅದು ಕತ್ತಿನವರೆಗೆ ತುಂಬಿತ್ತು. ಹೋದ ವರ್ಷ ಇದೇ ಹೊತ್ತಿಗೆ ಇಲ್ಲಿ ಕಾಲಿಟ್ಟರೆ ಕರಿಕಲ್ಲಿನ ಚಾಪೆ ಅಂಗಾಲು ಕೊಯ್ಯುತ್ತಿತ್ತಂತೆ. ಈಗ ರಾಡಿ ಮೆತ್ತಗಾಗಿದೆ, ಬಳಚು ತಿರುಗಿ ಬಂದಿವೆ. “ಕರಿಕಲ್ಲು ಕಂಬ ಹತ್ಕಂಡು ಕೂತದೆ, ರಾಡಿ ಬಿಟ್ಟದೆ. ನಮ್ಗೆ ಬೇಕಾದ್ದು ಅಷ್ಟೇ ಇತ್ತು.”

ಇಂಚರಾ ಅಲ್ಲೇ ಬಗ್ಗಿ ಕೈಯನ್ನು ರಾಡಿಗೆ ಇಳಿಸಿದಳು. ನಿಜ, ಮೆತ್ತಗಿತ್ತು. ತನ್ನ ಯಂತ್ರ ತಪ್ಪು ಕೆಲಸ ಮಾಡಿ ಸರಿಯಾದ ಫಲ ಕೊಟ್ಟಿದೆ. ಅದು ಹೇಗೆ ಎಂದು ತಿಳಿಯುವವರೆಗೆ ಅದನ್ನು ನಂಬುವಂತೆಯೂ ಇಲ್ಲ, ಬಿಡುವಂತೆಯೂ ಇಲ್ಲ.

ಸಂಜೆ ಮನೆಯ ಗೇಟಿನಲ್ಲಿ ಗಂಡ ಉದಯ ಹೊರಟು ನಿಂತಿದ್ದ. ಅವನು ಹೊಸ ಬಂದರಿನಲ್ಲಿ ಕ್ರೇನು ನಡೆಸುವವನು, ರಾತ್ರಿ ಪಾಳಿ. ಮದುವೆಯಾದ ಮೇಲೆ, ಮುಖ್ಯವಾಗಿ ಮಗಳು ತನಿ ಹುಟ್ಟಿದ ಮೇಲೆ, ಗಂಡ ಹೆಂಡತಿ ಭೇಟಿಯಾಗುವುದು ಹೆಚ್ಚಾಗಿ ಈ ಗೇಟಿನಲ್ಲೇ. ಮಗಳ ಜ್ವರ ಇಳಿದಿದೆಯೇ, ಹಾಲು ಒಲೆಯ ಮೇಲಿದೆಯೇ, ನಾಳೆ ಶಾಲೆಗೆ ಬಣ್ಣದ ಕಾಗದ ಬೇಕಂತೆ ಎಂದು ಸುದ್ದಿ ದಾಟಿಸಿ ಒಬ್ಬರು ಒಳಗೆ, ಒಬ್ಬರು ಹೊರಗೆ. ಇಬ್ಬರಿಗೂ ಸೇರಿ ಒಂದೇ ದಿಂಬು. ಅದು ತಣ್ಣಗಾದದ್ದನ್ನು ಆ ಮನೆ ಕಂಡಿಲ್ಲ.

ಆದದ್ದನ್ನು ಇಂಚರಾ ನಾಲ್ಕು ಮಾತಿನಲ್ಲಿ ಹೇಳಿದಳು. ಉದಯ ಹೆಲ್ಮೆಟ್ಟು ಹಾಕಿಕೊಳ್ಳುತ್ತ, ಅರ್ಧಕ್ಕರ್ಧ ಹಡಗುಗಲ್ಲು ಇದ್ದರೆ ನೀಲಿಕಲ್ಲು ಹೇಗೆ ಅಷ್ಟು ಬೆಳೆಯಿತು, ಜಾಗ ಸಾಲಬೇಕಲ್ಲ ಎಂದು ಕೇಳಿದ. ಅವಳನ್ನು ಕೊರೆಯುತ್ತಿದ್ದದ್ದೂ ಅದೇ. ಒಂದು ಕಂಬ, ಎರಡು ಜಾತಿ, ತಿನ್ನುವುದು ಇಬ್ಬರೂ ಒಂದೇ ಆಹಾರ. ಪುಸ್ತಕದ ಪ್ರಕಾರ ಒಬ್ಬರು ಇನ್ನೊಬ್ಬರನ್ನು ತಳ್ಳಿಹಾಕಿರಬೇಕಿತ್ತು.

ಜಗಲಿಯಲ್ಲಿ ಪಕ್ಕದ ಮನೆಯ ಹುಡುಗಿಯ ಜೊತೆ ಕುಂಟಾಬಿಲ್ಲೆ ಆಡುತ್ತಿದ್ದ ತನಿ, ಇದು ನಿಮ್ಮಪ್ಪನ ಮನೆಯಾ ಅಮ್ಮನ ಮನೆಯಾ ಎಂಬ ಏನೋ ವಾದಕ್ಕೆ ತಲೆ ಎತ್ತದೆ ಹೇಳುತ್ತಿದ್ದಳು: “ಬೆಳಿಗ್ಗೆ ಅಪ್ಪಂದು, ರಾತ್ರಿ ಅಮ್ಮಂದು. ಮನೆ ಒಂದೇ.”

ಉದಯ ನಕ್ಕು ಬೈಕು ಹತ್ತಿದ. ಇಂಚರಾ ನಗಲಿಲ್ಲ. ಅವಳು ಚಪ್ಪಲಿಯನ್ನೂ ಕಳಚದೆ ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತಳು.

ಕರೆಗಂಬ ಬರೀ ಕೂಗುವುದಿಲ್ಲ, ಕೇಳಿಸಿಕೊಳ್ಳುತ್ತದೆ ಕೂಡ. ತನ್ನ ಕರೆಗೆ ಯಾರು ಬಂದರೆಂದು ತಿಳಿಯಲು ಪ್ರತಿ ಕಂಬದ ಒಡಲಲ್ಲಿ ಒಂದು ಕಿವಿಯನ್ನೂ ಅವಳು ಇಟ್ಟಿದ್ದಳು. ವರ್ಷದ ಸದ್ದೆಲ್ಲ ಅಲ್ಲಿತ್ತು. ಬರೀ ಗದ್ದಲದ ಪ್ರಮಾಣ ನೋಡಿ ಸಂತೋಷಪಟ್ಟಿದ್ದಳೇ ಹೊರತು ಬಿಡಿಸಿ ಆಲಿಸಿರಲಿಲ್ಲ. ಈಗ ಇಡೀ ವರ್ಷವನ್ನು ಹಿಂಡಿ, ಒಂದು ಹಾಡಿನಷ್ಟು ಉದ್ದಕ್ಕೆ ಇಳಿಸಿ ಕೇಳಿದಳು. ನೀಲಿಕಲ್ಲಿನ ಚಿಪ್ಪು ದೊಡ್ಡದು, ಮುಚ್ಚಿಕೊಂಡರೆ ಟಕ್ ಎಂದು ತುಂಬಿದ ಸದ್ದು. ಹಡಗುಗಲ್ಲಿನದು ತೆಳು, ಟಿಕ್ ಎನ್ನುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಟಕ್ ಟಕ್ ತುಂಬಿತ್ತು, ಟಿಕ್ ಎಲ್ಲೋ ತಳದಲ್ಲಿ ಸಣ್ಣಗೆ. ಮಳೆ ಹಿಡಿದು ಹೊಳೆಗೆ ಸಿಹಿನೀರು ನುಗ್ಗಿತು. ಟಕ್ ಒಂದೊಂದಾಗಿ ನಿಂತುಹೋಯಿತು, ಯಾಕೆಂದರೆ ನೀಲಿಕಲ್ಲಿಗೆ ಸಿಹಿನೀರು ಆಗಿಬರುವುದಿಲ್ಲ. ಬಾಯಿ ತೆರೆದುಕೊಂಡು ಸಾಯುತ್ತದೆ. ಆಮೇಲೆ ಒಂದಷ್ಟು ಹೊತ್ತು ಮೌನ. ಆ ಮೌನದ ತುದಿಯಲ್ಲಿ ಟಿಕ್. ಹಡಗುಗಲ್ಲು ದಿನಗಟ್ಟಲೆ ಬಾಯಿ ಬಿಗಿಹಿಡಿದು ಕೂರಬಲ್ಲದು, ಉಪ್ಪು ಇಣುಕಿದಾಗ ಮಾತ್ರ ತೆರೆಯುತ್ತದೆ. ಮಳೆಗಾಲವಿಡೀ ಕಂಬವನ್ನು ಹಿಡಿದುಕೊಂಡಿದ್ದದ್ದು ಅದೊಂದೇ.

ಮಳೆ ನಿಂತ ಮೇಲೆ ಟಕ್ ಮರಳಿತು, ಬೇಸಿಗೆಯಲ್ಲಿ ಇದ್ದದ್ದಕ್ಕಿಂತಲೂ ಜೋರಾಗಿ. ಇಂಚರಾಳಿಗೆ ಕಾರಣ ಹೊಳೆಯಿತು. ನೀಲಿಕಲ್ಲಿನ ಮರಿಗೆ ನುಣುಪಾದ ಜಾಗ ಹಿಡಿಸದು, ಜೊಂಪೆ ಜೊಂಪೆ ನೂಲಿನ ನಡುವೆ ಇಳಿಯುವುದೇ ಇಷ್ಟ. ಅಲ್ಲಿ ಏಡಿಯ ಕೊಂಡಿ ತಲುಪುವುದಿಲ್ಲ. ಹಡಗುಗಲ್ಲು ಹೊಸೆದಿಟ್ಟ ಕಪ್ಪು ಕೂದಲು ಅವಕ್ಕೆ ತೊಟ್ಟಿಲಾಗಿತ್ತು. ಬೆಳೆದ ಮೇಲೆ ದೊಡ್ಡ ಮೈಯವು ಮೇಲಾದವು, ಹರಿವ ನೀರಿನ ಆಹಾರ ಮೊದಲು ಅವಕ್ಕೆ. ಸಣ್ಣವು ಕೆಳಗೆ, ಸಿಕ್ಕಷ್ಟರಲ್ಲಿ, ಮುಂದಿನ ಮಳೆಗೆ ಕಾಯುತ್ತ. ರಾಡಿಯ ಮೇಲೆ ಕಂಬವಿಲ್ಲದಾಗ ಇದೇ ಹಡಗುಗಲ್ಲು ಚಾಪೆಯಾಗಿ ಎಲ್ಲರ ಉಸಿರು ಕಟ್ಟಿಸಿತ್ತು. ಈಗ ಹೊಸ ಮರಿಗಳು ಕಂಬಕ್ಕೆ ಹೋದದ್ದರಿಂದ ಹಳೆಯ ಚಾಪೆಗೆ ಮರಿ ಸೇರದೆ ಅದು ಸತ್ತು ಕರಗಿತ್ತು. ಹತ್ತಿ ಕೂರಲು ಒಂದು ಕಂಬ, ಕಂಬದ ಮೇಲೆ ದೊಡ್ಡ ಮೈಯ ಜೊತೆಗಾರ ಸಿಕ್ಕಿದ ಮೇಲೆ ಹಡಗುಗಲ್ಲಿನ ಆಟ ಅಷ್ಟಕ್ಕೇ ನಿಂತಿತ್ತು. ಅದು ಒಳ್ಳೆಯದಾಯಿತು ಎಂದಲ್ಲ, ಅದರ ಗುಣ ಬದಲಾಗಿರಲಿಲ್ಲ. ಅದಕ್ಕೊಂದು ಪಾಳಿ ಸಿಕ್ಕಿತ್ತು.

ಮರುದಿನವೇ ಅವಳು ಮಂಡಳಿಯ ಕಚೇರಿಗೆ ಹೋದಳು. ಗುನಗಿಯವರು ಸಿಹಿ ತರಿಸಿಟ್ಟಿದ್ದರು. ಅವಳ ಮಾತು ಮುಗಿಯುವಷ್ಟರಲ್ಲಿ ಆ ಡಬ್ಬಿಯ ಮುಚ್ಚಳ ಹಾಕಿದರು.

“ಸೊನ್ನೆ ಅಂತ ಮೇಲಿನವರಿಗೆ ತಿಳಿಸಿ ಆಯಿತಲ್ಲ ಮೇಡಂ. ನೀವು ಒಂದು ಮಾತು ಆಡದೆ ಇದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.”

“ಪಕ್ಕದ ಹೊಳೆಗೆ ಗೊತ್ತಾಗುತ್ತಿತ್ತು ಸರ್. ಅಲ್ಲಿ ಹಡಗುಗಲ್ಲು ಇಲ್ಲ. ನನ್ನ ಕಂಬ ಅಲ್ಲಿಗೆ ಹೋಗಿ ಅದನ್ನು ಬಂದರಿನಿಂದ ಕರೆದು ಕೂರಿಸುತ್ತಿತ್ತು.”

ಗುನಗಿಯವರು ಕೆಟ್ಟ ಮನುಷ್ಯರೇನಲ್ಲ. ನಿಯಮ ಅವರ ಕೈ ಕಟ್ಟಿತ್ತು. ಪರಕೀಯ ಜೀವಿ ಒಂದೇ ಒಂದು ಉಳಿದರೂ ಹೊಳೆ ಅಶುದ್ಧ, ಅಶುದ್ಧ ಹೊಳೆಗೆ ಔಷಧ. ಹಾಗೆಂದು ಅವರೇ ನಿಧಾನವಾಗಿ ವಿವರಿಸಿದರು. ಸಭೆ ಕರೆಯುತ್ತೇನೆ, ನಿಮಗೂ ಮಾತಾಡಲು ಅವಕಾಶ ಕೊಡುತ್ತೇನೆ, ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿಲ್ಲ ಎಂದರು. ಏಳುವ ಮೊದಲು, ಆ ಹೆಂಗಸರು ಬುಟ್ಟಿ ಅದಲುಬದಲು ಮಾಡಿದರೆಂದು ಬರೆದುಕೊಟ್ಟರೆ ನಿಮ್ಮ ಹೆಸರು ಉಳಿಯುತ್ತದೆ ಎಂದು ಸಣ್ಣ ಧ್ವನಿಯಲ್ಲಿ ಸೂಚಿಸಿದರು.

“ಅವರು ಅದಲುಬದಲು ಮಾಡಲಿಲ್ಲ. ನನಗೆ ಅವರ ಊರಿನ ಭಾಷೆ ಬರಲಿಲ್ಲ” ಎಂದು ಇಂಚರಾ ಹೇಳಿದಳು.

ಸಭೆಯ ದಿನ ಅವಳು ಚಿತ್ರಗಳನ್ನು ತೋರಿಸಲಿಲ್ಲ. ಕೋಣೆಯ ಪರದೆ ಎಳೆಸಿ ಆ ವರ್ಷದ ಸದ್ದನ್ನು ಕೇಳಿಸಿದಳು. ಮೊದಲಿಗೆ ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೇಸಿಗೆಯ ಟಕ್ ಟಕ್ ಏರಿ ಇಳಿದು, ಮಳೆ ಬಂದು, ಮೌನ ಆವರಿಸಿದಾಗ ಯಾರೋ ಮೊಬೈಲನ್ನು ಮಗುಚಿಟ್ಟರು. ಆ ಕತ್ತಲಲ್ಲಿ ಟಿಕ್ ಎಂದಿತು. ಮತ್ತೊಂದು ಟಿಕ್. ಇದು ಯಾರು ಎಂದು ಒಬ್ಬ ಹಿರಿಯ ಸದಸ್ಯರು ಕೇಳಿದರು. ನೀವು ಕೊಲ್ಲಬೇಕೆಂದಿರುವವರು ಎಂದು ಇಂಚರಾ ಉತ್ತರಿಸಿದಳು. ಸ್ವಲ್ಪ ಹೊತ್ತಿಗೆ ಟಕ್ ಮರಳಿ ಕೋಣೆ ತುಂಬಿತು.

ಆಮೇಲೆ ಪವಿತ್ರಕ್ಕನ ಸರದಿ. ಅವಳು ಭಾಷಣ ಮಾಡುವವಳಲ್ಲ. ಎರಡು ಬುಟ್ಟಿ ತಂದಿದ್ದಳು. ಕಂಬವಿರುವ ದಂಡೆಯ ರಾಡಿಯಿಂದ ತೆಗೆದ ಒಂದು ಬುಟ್ಟಿ ಬಳಚು. ಕಂಬವಿಲ್ಲದ ಮೇಲ್ದಂಡೆಯಿಂದ ಅಷ್ಟೇ ಜಾಗ ಬಗೆದು ತೆಗೆದ ಇನ್ನೊಂದು. ಎರಡನೆಯದರಲ್ಲಿ ಕಪ್ಪು ಚಾಪೆಯ ತುಂಡು, ಅದರ ಕೆಳಗೆ ಬಾಯ್ದೆರೆದ ಖಾಲಿ ಚಿಪ್ಪು. ಇದರಲ್ಲಿ ಯಾವುದು ನಮ್ಮದು, ಯಾವುದು ಹೊರಗಿನದು ಎಂದು ಒಬ್ಬರು ತಮಾಷೆಗೆ ಕೇಳಿದರು. ಬುಟ್ಟಿಯ ಕತೆ ಅಷ್ಟರಲ್ಲಿ ಎಲ್ಲರ ಬಾಯಿಗೂ ಬಿದ್ದಿತ್ತು.

“ನಿಮ್ಮ ಪೈಕಿ ಯಾರ್ಯಾರು ಹೊರಗಿನವ್ರು ಹೇಳಿ ನಾ ಕೇಳಿದ್ನಾ?” ಎಂದಳು ಪವಿತ್ರಕ್ಕ. “ಔಷಧ ಹಾಕಿದ್ರೆ ಈ ಎರಡೂ ಬುಟ್ಟಿ ಖಾಲಿ. ಅಷ್ಟು ನೋಡ್ಕಳಿ ಸಾಕು.”

ಔಷಧದ ಯೋಜನೆ ಅವತ್ತೇ ರದ್ದಾಗಲಿಲ್ಲ. ಮುಂದೂಡಿದರು, ಇನ್ನೊಂದು ಮಳೆಗಾಲ ನೋಡೋಣ ಎಂದರು. ಆ ಮಳೆಗಾಲದ ಸದ್ದೂ ಹಿಂದಿನದರ ಹಾಗೆಯೇ ಇತ್ತು. ಮೇಲ್ದಂಡೆಗೂ ಕಂಬ ಇಳಿಸಿದ ಮೇಲೆ ಅಲ್ಲಿನ ಚಾಪೆಯೂ ಹರಿದು ತೆಳುವಾಯಿತು. ನಿಯಮದಲ್ಲಿ ಸೊನ್ನೆ ಇದ್ದ ಕಡೆ ಎಷ್ಟು, ಎಲ್ಲಿ, ಯಾವಾಗ ಎಂಬ ಮೂರು ಮಾತು ಸೇರಿದವು. ಪ್ರತಿ ಹೊಳೆಗೂ ಅದರದೇ ಕರೆ ಕಟ್ಟಬೇಕೆಂದಾಯಿತು. ಹಡಗುಗಲ್ಲು ಇಲ್ಲದ ಹೊಳೆಗೆ ಅದರ ಸದ್ದು ಒಂದಿಷ್ಟೂ ಬೀಳಕೂಡದು. ನಿಜವಾದ ಹಡಗುಗಲ್ಲಿನ ಕರೆಯನ್ನು ತುಂಬಿದ ಕಂಬಗಳು ಬಂದರಿನ ಬಾಗಿಲಿಗೆ ಹೋದವು, ಹಡಗಿನಿಂದ ಇಳಿದ ಮರಿ ಅಲ್ಲೇ ಅಂಟಿಕೊಂಡು ಅಲ್ಲೇ ಸಿಕ್ಕಿಬೀಳುವಂತೆ. ಆ ಕಂಬಗಳನ್ನು ಎತ್ತುವ ಕ್ರೇನಿನಲ್ಲಿ ಅನೇಕ ರಾತ್ರಿ ಉದಯನೇ ಕೂರುತ್ತಿದ್ದ. ಊರಿನವರು ಕರೆಗಂಬ ಎಂಬ ಹೆಸರನ್ನು ಬಿಟ್ಟು ಪಾಳಿಗಂಬ ಎನ್ನತೊಡಗಿದರು. ಇಂಚರಾ ತಿದ್ದಲು ಹೋಗಲಿಲ್ಲ.

ಒಂದಷ್ಟು ವರ್ಷ ಕಳೆದ ಮೇಲೆ, ಒಂದು ಬೆಳಿಗ್ಗೆ ಪವಿತ್ರಕ್ಕ ಪ್ರಯೋಗಶಾಲೆಯ ಬಾಗಿಲಿಗೆ ಬಂದಳು. ಮೊಣಕಾಲು ನೋವಿನಿಂದ ಈಗ ರಾಡಿಗಿಳಿಯುವುದು ಕಡಿಮೆ, ಕಂಬ ನೋಡುವ ಕೆಲಸ ಮಾತ್ರ ಅವಳದು. ಕೈಯಲ್ಲಿ ಕೆಸುವಿನ ಎಲೆಯ ಪೊಟ್ಟಣ. ಬಿಚ್ಚಿದರೆ ಎಳ್ಳಿನಷ್ಟು ಚಿಕ್ಕದಾದ, ಬೂದುಬಿಳಿಯ, ಏಣುಏಣಾದ ಏನೋ ಒಂದು.

“ಇದು ಒಳಗಿಂದೂ ಅಲ್ಲ, ಹೊರಗಿಂದೂ ಅಲ್ಲ ಅಕ್ಕೋರೆ. ನಿಮ್ಮ ಬಾಯಲ್ಲಿ ಹೊರಗಿಂದು ಅಂತಾರಲ್ಲ, ಅದು ಇರ್ಬೌದಾ ನೋಡಿ.”

ಪರೀಕ್ಷೆಯ ಫಲಿತಾಂಶ ಬಂತು. ಹೌದು, ದೂರದ ಬೇರೊಂದು ಸಮುದ್ರದ್ದು. ಹೊಸದಾಗಿ ಬಂದಿದೆ, ಬೇಗ ಕಣ್ಣಿಗೆ ಬಿತ್ತು ಎಂದು ಇಂಚರಾ ಸಮಾಧಾನಪಟ್ಟಳು. ಆ ಸಮಾಧಾನ ಹೆಚ್ಚು ದಿನ ಉಳಿಯಲಿಲ್ಲ. ಅದೇ ತಿಂಗಳು ಹಳೆಯ ಧಕ್ಕೆಯನ್ನು ಕೆಡವುತ್ತಿದ್ದರು. ದೋಣಿ ಕಟ್ಟುವ ಆ ಧಕ್ಕೆಯ ಕಾಲುಗಳಿಗೆ ಎರಡು ಸಾವಿರದ ಇಪ್ಪತ್ತಾರರಲ್ಲಿ ಹೊಸ ಕಾಂಕ್ರೀಟಿನ ಹೊದಿಕೆ ಹಾಕಿದ್ದರೆಂದು ಅದರ ಮೇಲೇ ಕೊರೆದಿತ್ತು. ಹೊದಿಕೆ ಒಡೆದಾಗ ಒಳಮೈಯಲ್ಲಿ ಅಚ್ಚೊತ್ತಿದ್ದದ್ದು ಅದೇ ಏಣುಏಣಾದ ಎಳ್ಳುಚಿಪ್ಪು. ಬೆರಳೆಣಿಕೆಯಷ್ಟು ಮಾತ್ರ. ಅಂದರೆ ಅದು ಬಂದು ನಲವತ್ತು ವರ್ಷವಾಗಿತ್ತು. ಅಷ್ಟು ಕಾಲ ಯಾವುದೋ ಕಂಬದ ಮೂಲೆಯಲ್ಲಿ ತೆಪ್ಪಗಿದ್ದು, ಸಮುದ್ರ ಬೆಚ್ಚಗಾಗುವುದನ್ನು ಕಾಯುತ್ತಿತ್ತು. ಸಿಮೆಂಟು ಬಳಿದ ದಿನ ಯಾರಾದರೂ ಬಗ್ಗಿ ನೋಡಿದ್ದರೆ ಉಗುರಿನಿಂದ ಕೆರೆದು ಮುಗಿಸಬಹುದಾಗಿದ್ದ ಕೆಲಸ.

ಪವಿತ್ರಕ್ಕ ಆ ಕಾಂಕ್ರೀಟಿನ ಚೂರನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. “ಆ ವರ್ಷ ದಿನಾ ಈ ಧಕ್ಕೆಯಿಂದ್ಲೇ ದೋಣಿ ಹತ್ತಿದ್ದು ನಾವು. ಕಂಬಕ್ಕೆ ಹಗ್ಗ ಕಟ್ಟಿದ್ದು, ಕಂಬಕ್ಕೆ ಕಾಲು ಕೊಟ್ಟು ಹಾರಿದ್ದು. ಕಂಬದ ಮೇಲೆ ಎಂತ ಅದೆ ಹೇಳಿ ಒಬ್ರೂ ನೋಡ್ಲಿಲ್ಲ.”

ಇಂಚರಾ ಗಾಜಿನ ತೊಟ್ಟಿಗೆ ಹೊಳೆಯ ನೀರು ತುಂಬಿಸಿದಳು. ಒಂದು ಬದಿಗೆ ನೀಲಿಕಲ್ಲು, ಇನ್ನೊಂದು ಬದಿಗೆ ಹಡಗುಗಲ್ಲು, ನಡುವೆ ಆ ಎಳ್ಳುಚಿಪ್ಪು. ಸದ್ದು ಹಿಡಿಯುವ ಪುಟ್ಟ ಕಿವಿಯನ್ನು ಮೆಲ್ಲನೆ ಇಳಿಬಿಟ್ಟಳು. ಪಕ್ಕದಲ್ಲಿ ಎರಡು ಹಳೆಯ ಬುಟ್ಟಿಗಳ ಜೊತೆ ಒಂದು ಹೊಸದೂ ಇತ್ತು. ಅದರ ಚೀಟಿ ಖಾಲಿಯಾಗಿತ್ತು.

“ಇದ್ಕೆ ಎಂತ ಹೆಸ್ರು ಬರೀಲಿ?” ಪವಿತ್ರಕ್ಕ ಪೆನ್ನು ಹಿಡಿದು ಕೇಳಿದಳು.

“ತಡೀರಿ ಅಕ್ಕ” ಎಂದು ಇಂಚರಾ ಕಿವಿಗೆ ಹೆಡ್‌ಫೋನು ಏರಿಸಿದಳು. “ಮೊದಲು ಕೇಳೋಣ.”